ನನ್ನ ಲಿಂಕನ್ ಕಾಂಟಿನೆಂಟಲ್ ದಾನವಾದ ಬಗೆ: ಒಂದು ವಾಹನ ದಾನ ಸೇವೆಯ ವಿಮರ್ಶೆ

2023ರ ನವೆಂಬರಿನಲ್ಲಿ ನಾನು ನನ್ನ 1979ರ ಲಿಂಕನ್ ಕಾಂಟಿನೆಂಟಲ್ ಕಾರನ್ನು, ವೃದ್ಧರ ಮನೆಬಾಗಿಲಿಗೆ ಊಟ ತಲುಪಿಸುವ ಒಂದು ದತ್ತಿ ಸಂಸ್ಥೆಗೆ ದಾನವಾಗಿ ಕೊಟ್ಟೆ. ನೇರವಾಗಿ ಕೊಡಲಿಲ್ಲ; ಅಮೆರಿಕದಲ್ಲಿ ಬಹಳ ಮಂದಿ ಮಾಡುವಂತೆ, ಅನೇಕ ದತ್ತಿ ಸಂಸ್ಥೆಗಳ ಪರವಾಗಿ ಹಳೆಯ ವಾಹನಗಳನ್ನು ಸಂಗ್ರಹಿಸಿ, ಹರಾಜಿನಲ್ಲಿ ಮಾರಿ, ತನ್ನ ಪಾಲನ್ನು ಇಟ್ಟುಕೊಂಡು ಉಳಿದ ಹಣವನ್ನು ಸಂಸ್ಥೆಗೆ ಕಳುಹಿಸುವ ಒಂದು ಮಧ್ಯವರ್ತಿ ಸೇವೆಯ ಮೂಲಕ ಕೊಟ್ಟೆ. ಈ ವಿಮರ್ಶೆ ಆ ಸೇವೆಯದು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವುದು ಒಂದು ಕಂಪನಿಗಿಂತ ಹೆಚ್ಚಾಗಿ ಈ ಇಡೀ ವ್ಯವಸ್ಥೆಯ ಕಾರ್ಯವಿಧಾನಕ್ಕೆ ಸಂಬಂಧಿಸಿದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓಡಿ ಓಡಿ ಸವೆದ ಸಾಧಾರಣ ಕಾರಿಗೆ ಈ ಸೇವೆ ಬಹಳ ಅನುಕೂಲಕರವಾದದ್ದು. ಜೋಪಾನ ಮಾಡಿದ ಹಳೆಯ ಐಷಾರಾಮಿ ಕಾರಿಗೆ ಇದು ಸರಿಯಾದ ದಾರಿಯಲ್ಲ.

ಕಾರಿನ ಬಗ್ಗೆ ಒಂದಿಷ್ಟು ಹೇಳದಿದ್ದರೆ ಮುಂದಿನ ವಿಷಯ ಅರ್ಥವಾಗುವುದಿಲ್ಲ. ನಾನಿರುವುದು ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ನೋವೈ ಎಂಬ ಊರಿನಲ್ಲಿ. ಪಕ್ಕದ ಊರು ವಿಕ್ಸಮ್. ಫೋರ್ಡ್ ಕಂಪನಿ 1957ರಲ್ಲಿ ಅಲ್ಲಿ ತೆರೆದು 2007ರಲ್ಲಿ ಮುಚ್ಚಿದ ಕಾರ್ಖಾನೆಯಲ್ಲೇ ನನ್ನ ಕಾರು ತಯಾರಾಗಿತ್ತು. ಅಂದರೆ ಅದು ನಮ್ಮ ನೆರೆಯೂರಿನ ಮಗಳು. ಉದ್ದ 233 ಇಂಚು, ಹತ್ತಿರಹತ್ತಿರ 5.9 ಮೀಟರ್. ನಮ್ಮ ಅಂಬಾಸಿಡರ್ 4.3 ಮೀಟರ್ ಇತ್ತೆಂದು ನೆನೆಸಿಕೊಂಡರೆ ಇದರ ಗಾತ್ರದ ಅಂದಾಜು ಸಿಗುತ್ತದೆ. 6.6 ಲೀಟರ್‌ನ ವಿ8 ಎಂಜಿನ್, ಎರಡು ಟನ್ನಿಗೂ ಮಿಕ್ಕಿದ ತೂಕ, ಚಿಕ್ಕ ಗುಡಿಯ ಬಾಗಿಲಿನಂತೆ ನೆಟ್ಟಗೆ ನಿಂತ ಮುಂಭಾಗದ ಗ್ರಿಲ್, ದೀವಾನಖಾನೆಯ ಸೋಫಾಗಳನ್ನು ನಾಚಿಸುವ ಮಖಮಲ್ಲಿನ ಸೀಟುಗಳು. ಮುಂದಿನ ದೀಪಗಳ ಮೇಲೆ ಮುಚ್ಚಳಗಳಿದ್ದವು. ಎಂಜಿನ್ನಿನ ನಿರ್ವಾತದಿಂದ ಅವು ತೆರೆದು ಮುಚ್ಚುತ್ತಿದ್ದವು. ಬಲಗಡೆಯ ಮುಚ್ಚಳ ಮಾತ್ರ ನಿದ್ದೆಗಣ್ಣಿನವರಂತೆ ಅರೆಕ್ಷಣ ತಡವಾಗಿ ತೆರೆಯುತ್ತಿತ್ತು. ಲೀಟರಿಗೆ ನಾಲ್ಕೈದು ಕಿಲೋಮೀಟರು ಕೊಡುತ್ತಿದ್ದುದನ್ನೂ ಹೇಳಬೇಕು. ಇಷ್ಟು ದೊಡ್ಡ ಕಾಂಟಿನೆಂಟಲ್ ತಯಾರಾದದ್ದು 1979ರಲ್ಲೇ ಕೊನೆ. ಮರುವರ್ಷದ ಮಾದರಿಯನ್ನು ಕಂಪನಿ ಗಣನೀಯವಾಗಿ ಚಿಕ್ಕದು ಮಾಡಿತು. ಆದ್ದರಿಂದಲೇ ಈ ಕಾರುಗಳನ್ನು ಹುಡುಕಿಕೊಂಡು ಬರುವವರು ಇಂದಿಗೂ ಇದ್ದಾರೆ.

1998ರಲ್ಲಿ ನಮ್ಮ ಬೀದಿಯ ಒಬ್ಬ ವೃದ್ಧರಿಂದ 3,500 ಡಾಲರಿಗೆ ಇದನ್ನು ಕೊಂಡಿದ್ದೆ. ಇಪ್ಪತ್ತೈದು ವರ್ಷ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಸೋಕದಂತೆ ಗ್ಯಾರೇಜಿನಲ್ಲಿಟ್ಟು, ಎಣ್ಣೆ ಬದಲಿಸಿದ ಒಂದೊಂದು ರಸೀದಿಯನ್ನೂ ಕಡತದಲ್ಲಿ ಸೇರಿಸಿ, ಪ್ರತಿ ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಗೆ ಒಯ್ಯುತ್ತಿದ್ದೆ. ಮಂಡಿನೋವು ಹೆಚ್ಚಾದ ಮೇಲೆ ಅಷ್ಟು ದೊಡ್ಡ ಕಾರನ್ನು ತಿರುಗಿಸಿ ನಿಲ್ಲಿಸುವುದು ಕಷ್ಟವಾಯಿತು. ಮಗನಿಗೆ ಅದರಲ್ಲಿ ಆಸಕ್ತಿಯಿಲ್ಲ. 2022ರಲ್ಲಿ ವಿಮೆಗಾಗಿ ಬೆಲೆ ಕಟ್ಟಿಸಿದಾಗ ಮೌಲ್ಯಮಾಪಕರು 9,200 ಡಾಲರ್ ಎಂದು ಬರೆದುಕೊಟ್ಟಿದ್ದರು. ಮಾರಾಟಕ್ಕಿಟ್ಟು, ದಿನಕ್ಕೆ ಹತ್ತು ಮಂದಿಯ ಚೌಕಾಸಿ ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. "ರೀ, ಯಾರಿಗಾದರೂ ಉಪಯೋಗವಾಗುವ ಹಾಗೆ ಕೊಟ್ಟುಬಿಡಿ, ಗ್ಯಾರೇಜಾದರೂ ಖಾಲಿಯಾಗಲಿ" ಎಂದು ಮನೆಯವರು ಹೇಳಿದ್ದು ಸರಿಯೆನಿಸಿತು.

ಈ ಸೇವೆಯನ್ನೇ ಆರಿಸಿಕೊಳ್ಳಲು ಒಂದು ಕಾರಣವಿತ್ತು. 2016ರಲ್ಲಿ ನಮ್ಮ ಹಳೆಯ ಟೊಯೊಟ ಕ್ಯಾಮ್ರಿಯನ್ನು ಇವರಿಗೇ ಕೊಟ್ಟಿದ್ದೆವು. ಗೇರ್‌ಬಾಕ್ಸ್ ಕೆಟ್ಟಿದ್ದ ಆ ಕಾರನ್ನು ರಿಪೇರಿ ಮಾಡಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತಿತ್ತು. ಸೋಮವಾರ ಕರೆ ಮಾಡಿದರೆ ಬುಧವಾರ ಬಂದು ಎಳೆದೊಯ್ದರು. ಒಂದು ಪೈಸೆ ಕೇಳಲಿಲ್ಲ. ತಿಂಗಳೊಳಗೆ ಕಾಗದಪತ್ರ ಅಂಚೆಯಲ್ಲಿ ಬಂತು. 500 ಡಾಲರಿಗಿಂತ ಕಡಿಮೆಗೆ ಮಾರಾಟವಾಗಿತ್ತು. ಅಂಥ ಸಂದರ್ಭದಲ್ಲಿ ಕಾರಿನ ಮಾರುಕಟ್ಟೆ ಬೆಲೆ ಅಥವಾ 500 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಆದಾಯದಿಂದ ಕಳೆದು ತೋರಿಸಬಹುದೆಂದು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ನಿಯಮವಿದೆ. ಹಾಗೆಯೇ ತೋರಿಸಿದೆವು. ಆ ಅನುಭವಕ್ಕೆ ಐದಕ್ಕೆ ಐದು ಅಂಕ ಕೊಡಲು ನನಗೆ ಇಂದಿಗೂ ಅಡ್ಡಿಯಿಲ್ಲ. ನಿಂತಲ್ಲೇ ತುಕ್ಕು ಹಿಡಿಯುತ್ತಿದ್ದ ವಸ್ತುವಿನಿಂದ ಒಂದು ಸಂಸ್ಥೆಗೆ ನಾಲ್ಕು ಕಾಸು ಸಿಕ್ಕಿತು, ನಮ್ಮ ಅಂಗಳ ತೆರವಾಯಿತು.

ಲಿಂಕನ್ ವಿಷಯದಲ್ಲಿ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಯಿತು. ಸೇವೆಯ ಜಾಲತಾಣದಲ್ಲಿ ಅರ್ಜಿ ತುಂಬುವಾಗ ಕಾರಿನ ಗುರುತಿನ ಸಂಖ್ಯೆಯನ್ನು ಕೇಳುತ್ತದೆ. ಈಗಿನ ಕಾರುಗಳಿಗೆಲ್ಲ 17 ಅಕ್ಷರಗಳ ಸಂಖ್ಯೆಯಿರುತ್ತದೆ. ಆದರೆ ಆ ಪದ್ಧತಿ ಬಂದದ್ದು 1981ರ ಮಾದರಿಗಳಿಂದ. ನನ್ನ ಕಾರಿನದು 11 ಅಕ್ಷರಗಳ ಸಂಖ್ಯೆ. ಮೊದಲನೆಯ 9 ಎಂದರೆ 1979. ಎರಡನೆಯ ವೈ ಅಕ್ಷರವೆಂದರೆ ವಿಕ್ಸಮ್ ಕಾರ್ಖಾನೆ. ಹೀಗೆ ಅದನ್ನು ಓದಬಲ್ಲವರಿಗೆ ಕಾರಿನ ಜಾತಕವೇ ಅದರಲ್ಲಿದೆ. ಅರ್ಜಿ ಮಾತ್ರ "ಸಂಖ್ಯೆ ತಪ್ಪಾಗಿದೆ" ಎಂದು ಕೆಂಪು ಅಕ್ಷರದಲ್ಲಿ ಹೇಳುತ್ತಲೇ ಹೋಯಿತು. ಹಳೆಯ ಕಾರುಗಳನ್ನೂ ಸ್ವೀಕರಿಸುತ್ತೇವೆಂದು ಮುಖಪುಟದಲ್ಲಿ ಬಣ್ಣದ ಚಿತ್ರ ಹಾಕಿಕೊಂಡಿರುವ ಸೇವೆ, ಅಂಥ ಕಾರಿನ ಸಂಖ್ಯೆಯನ್ನು ಬರೆಯುವಷ್ಟು ಜಾಗವನ್ನೂ ತನ್ನ ಅರ್ಜಿಯಲ್ಲಿ ಇಟ್ಟಿರಲಿಲ್ಲ. ಇದು ಸಣ್ಣ ದೋಷವೆಂದು ಆಗ ನಕ್ಕು ಬಿಟ್ಟೆ. ಈಗ ಹಿಂತಿರುಗಿ ನೋಡಿದರೆ ಮುಂದೆ ನಡೆದುದೆಲ್ಲದರ ಮುನ್ಸೂಚನೆ ಅಲ್ಲಿಯೇ ಇತ್ತು.

ಕೊನೆಗೆ ಫೋನ್ ಮಾಡಿದೆ. ಮಾತನಾಡಿದ ಯುವತಿ ಬಹಳ ಸೌಜನ್ಯದಿಂದ ಎಲ್ಲವನ್ನೂ ಬರೆದುಕೊಂಡರು. ಕಾರು ಸುಸ್ಥಿತಿಯಲ್ಲಿದೆ, 25 ವರ್ಷಗಳ ರಸೀದಿಗಳಿವೆ, ಮೌಲ್ಯಮಾಪನ ಪತ್ರವಿದೆ, ಆದ್ದರಿಂದ ಕನಿಷ್ಠ ಬೆಲೆಯೊಂದನ್ನು ಗೊತ್ತುಮಾಡಿ, ಹಳೆಯ ಕಾರುಗಳನ್ನೇ ಕೊಳ್ಳುವವರು ಸೇರುವ ಹರಾಜಿಗೆ ಕಳುಹಿಸಬಹುದೇ ಎಂದು ನಾನು ಸ್ಪಷ್ಟವಾಗಿಯೇ ಕೇಳಿದೆ. ಅಂಥ ವಾಹನಗಳನ್ನು ನೋಡಿಕೊಳ್ಳಲು ತಮ್ಮಲ್ಲಿ ಪ್ರತ್ಯೇಕ ವಿಭಾಗವಿದೆ, ಅವರು ಒಂದೆರಡು ದಿನದಲ್ಲಿ ನನಗೆ ಕರೆ ಮಾಡುತ್ತಾರೆ ಎಂಬ ಉತ್ತರ ಬಂತು. ಆ ಕರೆ ಬರಲೇ ಇಲ್ಲ. ಎರಡು ಸಲ ನಾನೇ ನೆನಪಿಸಿದಾಗಲೂ ಅದೇ ಮಾತು. ತಪ್ಪು ನನ್ನದೂ ಇದೆ: ಆ ಭರವಸೆಯನ್ನು ಬರಹದಲ್ಲಿ ಪಡೆಯದೆ ಕಾರನ್ನು ಬಿಟ್ಟುಕೊಡಬಾರದಾಗಿತ್ತು.

ಮಾಲೀಕತ್ವದ ಪತ್ರ, ಅಂದರೆ ಇಲ್ಲಿನವರು ಟೈಟಲ್ ಎನ್ನುವ ದಾಖಲೆ, ಇದರ ವಿಷಯದಲ್ಲಿ ಅವರು ಕಳುಹಿಸಿದ ಸೂಚನೆ ನನಗೆ ಒಪ್ಪಿಗೆಯಾಗಲಿಲ್ಲ. ಮಾರುವವರ ಜಾಗದಲ್ಲಿ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಡಿ ಎಂದಿತ್ತು. ಖಾಲಿ ಬಿಟ್ಟ ಟೈಟಲ್ ಕೈಯಿಂದ ಕೈಗೆ ದಾಟುತ್ತಾ ಹೋದರೆ ಸರ್ಕಾರದ ದಾಖಲೆಯಲ್ಲಿ ಕಾರು ನಮ್ಮ ಹೆಸರಿನಲ್ಲೇ ಉಳಿಯುತ್ತದೆ. ನಡುವೆ ಅಪಘಾತವಾದರೂ ದಂಡ ಬಿದ್ದರೂ ಕಾಗದ ಬರುವುದು ನಮ್ಮ ಮನೆಗೆ. ನಾನು ದತ್ತಿ ಸಂಸ್ಥೆಯ ಹೆಸರನ್ನೂ ದಿನಾಂಕವನ್ನೂ ಬರೆದೇ ಕೊಡುತ್ತೇನೆಂದು ಪಟ್ಟುಹಿಡಿದೆ. ಸ್ವಲ್ಪ ಗೊಣಗಿದ ಮೇಲೆ ಒಪ್ಪಿಕೊಂಡರು. ಸಹಿ ಮಾಡಿದ ಟೈಟಲ್‌ನ ಪ್ರತಿಯೊಂದನ್ನು ಇಟ್ಟುಕೊಂಡು, ನಂಬರ್ ಪ್ಲೇಟನ್ನು ಬಿಚ್ಚಿಕೊಂಡೆ. ಮಿಶಿಗನ್‌ನಲ್ಲಿ ಪ್ಲೇಟು ಕಾರಿನ ಜೊತೆ ಹೋಗುವುದಿಲ್ಲ, ಮಾಲೀಕನ ಬಳಿಯೇ ಉಳಿಯುತ್ತದೆ. ಪಾರಂಪರಿಕ ವಾಹನಗಳಿಗೆಂದು ಕೊಡುವ ಆ ಪ್ಲೇಟು ಈಗ ನನ್ನ ಗ್ಯಾರೇಜಿನ ಗೋಡೆಯ ಮೇಲಿದೆ.

ಕಾರನ್ನು ಒಯ್ಯಲು ಬಂದ ದಿನದ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ದಿನ ಬಂದದ್ದು ಮುಂದಿನ ಎರಡು ಚಕ್ರಗಳನ್ನು ಎತ್ತಿ, ಹಿಂದಿನ ಚಕ್ರಗಳನ್ನು ರಸ್ತೆಯ ಮೇಲೆ ಉರುಳಿಸಿಕೊಂಡು ಹೋಗುವ ಸಣ್ಣ ಟೋ ಟ್ರಕ್. ಈಗಿನ ಬಹುತೇಕ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಆದ್ದರಿಂದ ಅವಕ್ಕೆ ಆ ವಿಧಾನ ಸರಿಹೋಗುತ್ತದೆ. ನನ್ನ ಲಿಂಕನ್‌ನಲ್ಲಿ ತಿರುಗುವುದು ಹಿಂದಿನ ಚಕ್ರಗಳು. ಎಂಜಿನ್ ನಿಂತಿರುವಾಗ ಹಿಂದಿನ ಚಕ್ರಗಳನ್ನು ಉರುಳಿಸುತ್ತಾ ದೂರ ಎಳೆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಎಣ್ಣೆ ಹರಿಯದೆ ಅದು ಹಾಳಾಗುತ್ತದೆ. ಇದನ್ನು ಚಾಲಕನಿಗೆ ತಿಳಿಸಿ, ಕಾರನ್ನು ಪೂರ್ತಿಯಾಗಿ ಮೇಲೆ ಹೇರಿಕೊಳ್ಳುವ ಚಪ್ಪಟೆ ಹಾಸಿನ ಟ್ರಕ್ ತರಬೇಕೆಂದೆ. "ಹೇಗಿದ್ದರೂ ಹರಾಜಿಗೆ ಹೋಗುವ ಕಾರಲ್ಲವೇ ಸ್ವಾಮಿ" ಎಂಬ ಅರ್ಥದ ಮಾತು ಆತನ ಬಾಯಿಂದ ಬಂತು. ಆತನನ್ನು ದೂರುವುದಿಲ್ಲ, ಅವನಿಗೆ ಕೊಟ್ಟ ಚೀಟಿಯಲ್ಲಿ "ಹಳೆಯ ಸೆಡಾನ್" ಎಂದಷ್ಟೇ ಇತ್ತು. ಎರಡು ದಿನಗಳ ನಂತರ ದೊಡ್ಡ ಟ್ರಕ್ ಬಂತು. ಆ ಚಾಲಕ ಲಿಂಕನ್ನಿನ ಉದ್ದ ನೋಡಿ, ಟೇಪು ಹಿಡಿದು ಅಳೆದು, ಒಮ್ಮೆ ಶಿಳ್ಳೆ ಹೊಡೆದು, ಮಗುವನ್ನು ತೊಟ್ಟಿಲಿಗೆ ಮಲಗಿಸುವಷ್ಟು ಜಾಗರೂಕತೆಯಿಂದ ಮೇಲೇರಿಸಿದ. ರಸೀದಿಗಳ ಕಡತವನ್ನು ಮುಂದಿನ ಸೀಟಿನ ಮೇಲಿಟ್ಟು, ಅದು ಕಾರಿನ ಜೊತೆಯಲ್ಲೇ ಹೋಗಬೇಕೆಂದು ಹೇಳಿ ಕಳುಹಿಸಿದೆ.

ಆಮೇಲೆ ಏಳು ವಾರ ಸದ್ದಿಲ್ಲ. ನಡುವೆ ಒಂದು ದಿನ, ಯಾವುದೋ ಹೋಟೆಲಿನಲ್ಲಿ ಎರಡು ರಾತ್ರಿ ಉಚಿತವಾಗಿ ತಂಗಬಹುದೆಂಬ ಕೂಪನ್ ಮಾತ್ರ ಅಂಚೆಯಲ್ಲಿ ಬಂತು. ದಾನ ಕೊಟ್ಟವರಿಗೆ ಬಾಗಿನ ಕೊಡುವ ಈ ಪದ್ಧತಿ ನನಗೆ ಸರಿಕಾಣಲಿಲ್ಲ. ಆ ಖರ್ಚು ಎಲ್ಲಿಂದ ಬರುತ್ತದೆಂದು ಯೋಚಿಸಿ ಅದನ್ನು ಕಸದ ಬುಟ್ಟಿಗೆ ಹಾಕಿದೆ.

2024ರ ಜನವರಿಯ ಎರಡನೆಯ ವಾರದಲ್ಲಿ ಕಾರು ಹರಾಜಾಯಿತು. ಹರಾಜು ಸಂಸ್ಥೆಯ ಜಾಲತಾಣದಲ್ಲಿ ಅದರ ಪುಟವನ್ನು ನಾನೇ ಹುಡುಕಿ ನೋಡಿದೆ. ಎಂಟು ಚಿತ್ರಗಳು, ಎಲ್ಲವೂ ಹಿಮ ಮುಸುಕಿದ ಬಯಲಿನಲ್ಲಿ ತೆಗೆದವು. ವಿನೈಲ್ ಛಾವಣಿಯ ಮೇಲೆ ಅರ್ಧ ಅಡಿ ಹಿಮ, ಒಳಗಿನ ಸೀಟುಗಳ ಒಂದು ಚಿತ್ರವೂ ಇಲ್ಲ, ಎಂಜಿನ್ನಿನದೂ ಇಲ್ಲ. ವಿವರಣೆ ಒಂದೇ ಸಾಲು: ಚಾಲೂ ಆಗುತ್ತದೆ, ಓಡುತ್ತದೆ. ಮೀಟರಿನಲ್ಲಿ 68,000 ಮೈಲಿ ಚಿಲ್ಲರೆ ತೋರಿಸುತ್ತಿದ್ದರೂ, ಆ ಕಾಲದ ಮೀಟರು ಐದೇ ಅಂಕಿಗಳದ್ದಾದ್ದರಿಂದ ಮತ್ತು ಇಷ್ಟು ಹಳೆಯ ಕಾರುಗಳ ಮೈಲಿಯನ್ನು ಪ್ರಮಾಣೀಕರಿಸುವುದು ಕಾನೂನಿನ ಪ್ರಕಾರ ಕಡ್ಡಾಯವಲ್ಲದ್ದರಿಂದ, "ನಿಜವಾದ ಮೈಲಿ ಖಚಿತವಿಲ್ಲ" ಎಂದು ಬರೆದಿದ್ದರು. ಅದು ನಿಜಕ್ಕೂ 68,000 ಮೈಲಿಯೇ ಹೊರತು 1,68,000 ಅಲ್ಲವೆಂದು ಸಾಬೀತುಪಡಿಸುವ ರಸೀದಿಗಳೆಲ್ಲ ಸೀಟಿನ ಮೇಲಿನ ಕಡತದಲ್ಲೇ ಇದ್ದವು. ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಕನಿಷ್ಠ ಬೆಲೆ ಗೊತ್ತುಮಾಡಿರಲಿಲ್ಲ. ಹಿಂದೆ ಮುಂದೆ ಇದ್ದವುಗಳೆಲ್ಲ ಅಪಘಾತದಲ್ಲಿ ನುಜ್ಜುಗುಜ್ಜಾದ ವ್ಯಾನುಗಳು ಮತ್ತು ಎಂಜಿನ್ ಕೆಟ್ಟ ಸಣ್ಣ ಕಾರುಗಳು. ಮಿಶಿಗನ್‌ನ ಜನವರಿಯಲ್ಲಿ ಹಳೆಯ ಕಾರನ್ನು ಕೊಳ್ಳಲು ಯಾರೂ ಮನೆಯಿಂದ ಹೊರಡುವುದಿಲ್ಲ; ಅವುಗಳ ವ್ಯಾಪಾರ ಚುರುಕಾಗುವುದು ಏಪ್ರಿಲ್ ಕಳೆದ ಮೇಲೆ. ಮದುವೆಯ ಸೀರೆಯನ್ನು ಹಳೇ ಬಟ್ಟೆಗೆ ಪಾತ್ರೆ ಕೊಡುವವಳ ಮೂಟೆಗೆ ಹಾಕಿದಂತಾಯಿತು.

ಕಾರು 2,600 ಡಾಲರಿಗೆ ಹೋಯಿತು. ಕೊಂಡವನು ಒಬ್ಬ ವ್ಯಾಪಾರಿ. ಮೂರು ತಿಂಗಳ ನಂತರ, ಬೇರೊಂದು ರಾಜ್ಯದ ಮಾರಾಟದ ಪುಟದಲ್ಲಿ ಅದೇ 11 ಅಕ್ಷರಗಳ ಸಂಖ್ಯೆಯಿರುವ ಲಿಂಕನ್ ಕಾಣಿಸಿಕೊಂಡಿತು. ಬೆಲೆ 11,900 ಡಾಲರ್. ಬಿಸಿಲಿನಲ್ಲಿ ತೆಗೆದ ಅರವತ್ತು ಚಿತ್ರಗಳಿದ್ದವು. "25 ವರ್ಷಗಳ ಸಂಪೂರ್ಣ ದಾಖಲೆ ಲಭ್ಯ" ಎಂಬ ಒಕ್ಕಣೆಯ ಕೆಳಗೆ ನನ್ನ ಕಡತದ ಚಿತ್ರವನ್ನೂ ಹಾಕಿದ್ದರು. ಆತ ಕೇಳಿದ ಬೆಲೆಯೇ ಆತನಿಗೆ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕಾರನ್ನು ತೊಳೆದು, ಕಡತ ತೆರೆದು ಓದಿದ್ದರಿಂದ ಆತನ ಬೇಡಿಕೆಗೆ ಬಂದ ಬಲವನ್ನು ಸೇವೆಯವರೂ ಪಡೆಯಬಹುದಾಗಿತ್ತು.

ಇನ್ನು ಆ 2,600 ಡಾಲರಿನ ಗತಿ. ದತ್ತಿ ಸಂಸ್ಥೆಯ ಕಚೇರಿಗೆ ಹೋಗಿ ವಿಚಾರಿಸಿದಾಗ ಅಲ್ಲಿನವರು ಮುಚ್ಚುಮರೆಯಿಲ್ಲದೆ ಲೆಕ್ಕ ತೋರಿಸಿದರು. ಸಾಗಣೆ ಮತ್ತು ಹರಾಜಿನ ಖರ್ಚು 400 ಡಾಲರ್. ಉಳಿದ 2,200ರಲ್ಲಿ ಶೇಕಡಾ 70 ಸಂಸ್ಥೆಗೆ, ಶೇಕಡಾ 30 ಮಧ್ಯವರ್ತಿ ಸೇವೆಗೆ. ಹೀಗೆ ಊಟದ ಸಂಸ್ಥೆಗೆ ತಲುಪಿದ್ದು 1,540 ಡಾಲರ್. ಈ ಪಾಲಿನ ಪ್ರಮಾಣವನ್ನು ಸೇವೆಯವರು ತಮ್ಮ ಜಾಲತಾಣದಲ್ಲಿ ಸಣ್ಣ ಅಕ್ಷರದಲ್ಲಾದರೂ ಬರೆದಿದ್ದಾರೆ, ಆದ್ದರಿಂದ ಮೋಸವೆನ್ನಲಾರೆ. ಇಂಥ ಸೇವೆಗಳು ಹಲವು ರೀತಿಯಲ್ಲಿ ಒಪ್ಪಂದ ಮಾಡಿಕೊಳ್ಳುತ್ತವೆ: ಕೆಲವು ಪಾಲು ಪಡೆಯುತ್ತವೆ, ಕೆಲವು ಪ್ರತಿ ವಾಹನಕ್ಕೆ ಗೊತ್ತಾದ ಮೊತ್ತ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುತ್ತವೆ. ಎರಡನೆಯ ಬಗೆಯ ಒಪ್ಪಂದದಲ್ಲಿ ಬೆಲೆಬಾಳುವ ಕಾರು ಕೊಟ್ಟರೆ ಲಾಭವೆಲ್ಲ ಮಧ್ಯವರ್ತಿಗೇ. ಕಾರು ಕೊಡುವ ಮೊದಲು ಈ ಒಂದು ಪ್ರಶ್ನೆಯನ್ನು ಸೇವೆಯನ್ನಲ್ಲ, ದತ್ತಿ ಸಂಸ್ಥೆಯನ್ನೇ ಕೇಳಬೇಕು.

ತೆರಿಗೆಯ ವಿಷಯಕ್ಕೆ ಬರುತ್ತೇನೆ; ಏಕೆಂದರೆ ಈ ಸೇವೆಗಳ ಜಾಹೀರಾತುಗಳೆಲ್ಲ ಅದರ ಮೇಲೆಯೇ ನಿಂತಿವೆ. ಕಾಗದಪತ್ರದ ಮಟ್ಟಿಗೆ ಸೇವೆಯಲ್ಲಿ ಲೋಪವಿಲ್ಲ. ಮಾರಾಟವಾದ 30 ದಿನಗಳೊಳಗೆ ದಾನಿಗೆ 1098-ಸಿ ಎಂಬ ನಮೂನೆಯನ್ನು ಕೊಡಬೇಕೆಂಬ ನಿಯಮವಿದೆ. ನನಗದು ಹದಿನೆಂಟನೆಯ ದಿನಕ್ಕೆ ಬಂತು. ಅದರಲ್ಲಿ ಮಾರಾಟದ ದಿನಾಂಕವೂ 2,600 ಎಂಬ ಮೊತ್ತವೂ ಸರಿಯಾಗಿದ್ದವು. ಮಾರಾಟ 2024ರಲ್ಲಿ ನಡೆದರೂ, ಕಾರನ್ನು ಕೊಟ್ಟದ್ದು 2023ರಲ್ಲಾದ್ದರಿಂದ ಲೆಕ್ಕ 2023ಕ್ಕೇ ಸೇರುತ್ತದೆ. ಆದರೆ ಮೌಲ್ಯಮಾಪಕರು ಬರೆದುಕೊಟ್ಟ 9,200 ಡಾಲರಿಗೆ ಇಲ್ಲಿ ಬೆಲೆಯೇ ಇಲ್ಲ. ಸಂಸ್ಥೆಯು ಕಾರನ್ನು ಬಳಸದೆ, ಸುಧಾರಿಸದೆ ಮಾರಿದರೆ ಮಾರಾಟದಿಂದ ಬಂದ ಮೊತ್ತವಷ್ಟೇ ದಾನವೆಂದು ಲೆಕ್ಕಕ್ಕೆ ಬರುತ್ತದೆ.

ಮೊದಲು ಹೀಗಿರಲಿಲ್ಲ. ದಾನಿಗಳು ಹಳೆಯ ಕಾರುಗಳ ಬೆಲೆಪಟ್ಟಿಯ ಪುಸ್ತಕದಲ್ಲಿರುವ ಮಾರುಕಟ್ಟೆ ಬೆಲೆಯನ್ನು ತಾವೇ ಬರೆದುಕೊಳ್ಳುತ್ತಿದ್ದರು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2000ನೆಯ ತೆರಿಗೆ ವರ್ಷದಲ್ಲಿ ಸುಮಾರು 7,33,000 ಮಂದಿ ವಾಹನ ದಾನದ ಹೆಸರಿನಲ್ಲಿ ವಿನಾಯಿತಿ ಪಡೆದಿದ್ದರು. ಆ ಕಚೇರಿಯವರು ಪರಿಶೀಲಿಸಿದ 54 ವಾಹನಗಳಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟರಲ್ಲಿ, ದಾನಿ ತೋರಿಸಿದ ಬೆಲೆಯ ಶೇಕಡಾ 5 ಅಥವಾ ಅದಕ್ಕಿಂತ ಕಡಿಮೆ ಹಣ ಮಾತ್ರ ದತ್ತಿ ಸಂಸ್ಥೆಗೆ ತಲುಪಿತ್ತು. ಮರುವರ್ಷವೇ ಕಾನೂನನ್ನು ಬಿಗಿಮಾಡಿದರು. 2005ರಿಂದ ಈಗಿನ ನಿಯಮ ಜಾರಿಯಲ್ಲಿದೆ. ನಿಯಮ ನ್ಯಾಯವಾದದ್ದೇ. ಆದರೆ ಅದರ ಒಂದು ಪರಿಣಾಮವೆಂದರೆ, ಮಧ್ಯವರ್ತಿ ಅಸಡ್ಡೆಯಿಂದ ಅಗ್ಗಕ್ಕೆ ಮಾರಿದರೆ ಸಂಸ್ಥೆಯ ಜೊತೆಗೆ ದಾನಿಗೂ ಪೆಟ್ಟು ಬೀಳುತ್ತದೆ.

ನನಗೆ ಆ ಪೆಟ್ಟೂ ಬೀಳಲಿಲ್ಲ. ಬೀಳಲು ಅಲ್ಲಿ ಏನೂ ಇರಲಿಲ್ಲ. ವಾಹನ ದಾನದ ವಿನಾಯಿತಿ ಸಿಗಬೇಕಾದರೆ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸಬೇಕು. ಆ ಪಟ್ಟಿಯ ಮೊತ್ತ, ಎಲ್ಲರಿಗೂ ಸಿಗುವ ಪ್ರಮಾಣಿತ ಕಡಿತಕ್ಕಿಂತ ಹೆಚ್ಚಿರಬೇಕು. 2023ರಲ್ಲಿ ಜಂಟಿಯಾಗಿ ಲೆಕ್ಕ ಸಲ್ಲಿಸುವ ದಂಪತಿಗೆ ಪ್ರಮಾಣಿತ ಕಡಿತ 27,700 ಡಾಲರ್. ಇಬ್ಬರೂ 65 ದಾಟಿದ್ದರೆ ಇನ್ನೂ 3,000. ನಮ್ಮ ಮನೆಯ ಸಾಲ ತೀರಿದೆ, ಬಡ್ಡಿಯಿಲ್ಲ. ರಾಜ್ಯದ ಮತ್ತು ಸ್ಥಳೀಯ ತೆರಿಗೆಗಳಿಗೆ ಆಗ 10,000ದ ಮಿತಿಯಿತ್ತು. ಆ ವರ್ಷ ಕೊಟ್ಟ ಇತರ ದಾನಗಳು 5,800, ಲಿಂಕನ್ 2,600. ಎಲ್ಲ ಕೂಡಿಸಿದರೂ 18,400. 30,700ರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ನನಗಾದ ತೆರಿಗೆ ಉಳಿತಾಯ ಸೊನ್ನೆ. ಕಾರು 9,200ಕ್ಕೇ ಮಾರಾಟವಾಗಿದ್ದರೂ ಸೊನ್ನೆಯೇ. ದುಡಿದು ನಿವೃತ್ತರಾಗಿ, ಸಾಲ ತೀರಿಸಿ ಕುಳಿತಿರುವ ನಮ್ಮಂಥವರ ಬಳಿಯೇ ಇಂಥ ಕಾರುಗಳಿರುವುದು ಹೆಚ್ಚು, ಮತ್ತು ನಮ್ಮಂಥವರಿಗೇ ಈ ವಿನಾಯಿತಿ ದಕ್ಕುವುದು ಕಡಿಮೆ. ಸೇವೆಯ ಜಾಲತಾಣದಲ್ಲಿ "ಗರಿಷ್ಠ ತೆರಿಗೆ ಲಾಭ" ಎಂಬ ಮಾತು ನಾನು ಎಣಿಸಿದಂತೆ ಒಂಬತ್ತು ಸಲ ಬಂದಿದೆ. ಪ್ರಮಾಣಿತ ಕಡಿತದ ಪ್ರಸ್ತಾಪ ಒಂದು ಸಲವೂ ಇಲ್ಲ. ಅಂಕ ಕಡಿತಕ್ಕೆ ಇದೂ ಒಂದು ಕಾರಣ.

ಹಾಗಾದರೆ ಇಂಥ ಕಾರನ್ನು ಹೇಗೆ ಕೊಡಬೇಕಾಗಿತ್ತು? ಎಲ್ಲಕ್ಕಿಂತ ಸರಳವಾದದ್ದು, ನಾನು ಸೋಮಾರಿತನದಿಂದ ಬಿಟ್ಟದ್ದು: ಮೇ ತಿಂಗಳವರೆಗೆ ಕಾದು, ಹಳೆಯ ಲಿಂಕನ್‌ಗಳ ಸಂಘದವರ ಮೂಲಕ ಮಾರಿ, ಬಂದ ಹಣದ ಚೆಕ್ಕನ್ನು ಊಟದ ಸಂಸ್ಥೆಗೆ ಕೊಡುವುದು. ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಿದರೆ ಆ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ, ನಿಜ. ಆದರೂ ಎಂಟು ಸಾವಿರಕ್ಕೆ ಮಾರಿದ್ದರೂ ಸಂಸ್ಥೆಗೆ ಈಗ ಸಿಕ್ಕಿದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು ತಲುಪುತ್ತಿತ್ತು.

ಇನ್ನೊಂದು ದಾರಿ, ಕಾರನ್ನು ಕಾರಾಗಿಯೇ ಬಳಸುವವರಿಗೆ ಕೊಡುವುದು. ಕ್ಯಾನ್ಸಸ್ ರಾಜ್ಯದ ಮ್ಯಾಕ್‌ಫರ್ಸನ್ ಕಾಲೇಜಿನಲ್ಲಿ ಹಳೆಯ ಕಾರುಗಳ ಜೀರ್ಣೋದ್ಧಾರವನ್ನೇ ಪದವಿಯಾಗಿ ಓದಬಹುದು. 1976ರಲ್ಲಿ ಆರಂಭವಾದ ಆ ವಿಭಾಗದಲ್ಲಿ ವಿದ್ಯಾರ್ಥಿಗಳು ಇಂಥ ವಾಹನಗಳನ್ನು ಬಿಚ್ಚಿ ಜೋಡಿಸಿ ಕಲಿಯುತ್ತಾರೆ. ಸಂಸ್ಥೆಯು ಕಾರನ್ನು ತನ್ನ ಕೆಲಸಕ್ಕೆ ಗಣನೀಯವಾಗಿ ಬಳಸಿಕೊಂಡರೆ, ಅಥವಾ ಬೆಲೆ ಹೆಚ್ಚುವಂಥ ದೊಡ್ಡ ದುರಸ್ತಿ ಮಾಡಿದರೆ, ದಾನಿ ಮಾರುಕಟ್ಟೆ ಬೆಲೆಯನ್ನೇ ತೋರಿಸಬಹುದೆಂದು ನಿಯಮದಲ್ಲಿ ಅವಕಾಶವಿದೆ. ಬಳಕೆ ಎಂದರೆ ಒಂದು ದಿನ ಓಡಿಸಿ ನೋಡುವುದಲ್ಲ; ಒಂದು ವರ್ಷ ಬಡವರಿಗೆ ಊಟ ಹಂಚುತ್ತಾ 10,000 ಮೈಲಿ ಓಡಿಸುವಂಥದನ್ನು ಐಆರ್‌ಎಸ್ ಉದಾಹರಣೆಯಾಗಿ ಕೊಡುತ್ತದೆ. ದುರಸ್ತಿ ಎಂದರೆ ಬಣ್ಣ ಬಳಿಯುವುದೂ ಅಲ್ಲ, ತಗ್ಗು ತಟ್ಟಿಸುವುದೂ ಅಲ್ಲ. 5,000 ಡಾಲರಿಗೆ ಮೀರಿದ ಬೆಲೆ ತೋರಿಸಬೇಕಾದರೆ ಅರ್ಹ ಮೌಲ್ಯಮಾಪಕರ ಪತ್ರ ಬೇಕು. ಅದು ದಾನಕ್ಕೆ 60 ದಿನಗಳಿಗಿಂತ ಹಿಂದಿನದಾಗಿರಬಾರದು. ನನ್ನ 2022ರ ಪತ್ರ ಅಲ್ಲಿಯೂ ನಡೆಯುತ್ತಿರಲಿಲ್ಲ.

ಮ್ಯೂಸಿಯಂ ಒಂದಕ್ಕೂ ಕೇಳಿ ನೋಡಿದ್ದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಕಾರು ಸಂಗ್ರಹಾಲಯವನ್ನು ನೋಡಿದ್ದ ನನಗೆ ಹಳೆಯ ಕಾರಿಗೆ ಅದಕ್ಕಿಂತ ಒಳ್ಳೆಯ ನೆಲೆ ಬೇರೆಯಿಲ್ಲವೆನಿಸಿತ್ತು. ಇಲ್ಲಿ ಮಿಶಿಗನ್‌ನಲ್ಲೇ, ಹಿಕರಿ ಕಾರ್ನರ್ಸ್ ಎಂಬಲ್ಲಿರುವ ಗಿಲ್ಮೋರ್ ಕಾರು ಮ್ಯೂಸಿಯಮ್ಮಿನ ಆವರಣದಲ್ಲಿ ಲಿಂಕನ್ ಕಾರುಗಳಿಗೇ ಮೀಸಲಾದ ಕಟ್ಟಡವೊಂದಿದೆ, ಅವುಗಳ ಪ್ರತಿಸ್ಪರ್ಧಿಗಳಾದ ಕ್ಯಾಡಿಲಾಕ್ ಕಾರುಗಳಿಗೂ ಇದೆ. ಎರಡೂ ಕಂಪನಿಗಳನ್ನು ಕಟ್ಟಿದವನು ಹೆನ್ರಿ ಲೀಲ್ಯಾಂಡ್ ಎಂಬ ಒಬ್ಬನೇ ವ್ಯಕ್ತಿಯೆಂಬುದನ್ನು ಯೋಚಿಸಿದರೆ, ದಾಯಾದಿಗಳು ಒಂದೇ ಅಂಗಳದಲ್ಲಿ ಮನೆ ಕಟ್ಟಿಕೊಂಡಂತೆ ಕಾಣುತ್ತದೆ. ನಾನು ವಿಚಾರಿಸಿದ್ದು ಬೇರೊಂದು ಸಣ್ಣ ಮ್ಯೂಸಿಯಮ್ಮಿನಲ್ಲಿ. ಅದೇ ಕಾಲದ ಲಿಂಕನ್ ಒಂದು ತಮ್ಮಲ್ಲಿ ಈಗಾಗಲೇ ಇದೆ, ಆರು ಮೀಟರಿನ ಇನ್ನೊಂದು ಕಾರಿಗೆ ಜಾಗವಿಲ್ಲ ಎಂದು ವಿನಯದಿಂದಲೇ ತಿಳಿಸಿದರು. ಮ್ಯೂಸಿಯಮ್ಮುಗಳಿಗೆ ಬೇಕಾಗಿರುವುದು ಅಪರೂಪದ ಕಾರುಗಳು. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ನನ್ನಂಥ ಕಾರು ನನಗಷ್ಟೇ ಅಪರೂಪ.

ಸೇವೆಗೆ ಅಂಕ ಕೊಡಬೇಕಾದರೆ ಒಂದೇ ಅಂಕ ಕೊಡಲಾರೆ. ಕಾಗದಪತ್ರ ಮತ್ತು ಪಾರದರ್ಶಕತೆಗೆ ಐದರಲ್ಲಿ ನಾಲ್ಕು. ಟೈಟಲ್ ಖಾಲಿ ಬಿಡಿ ಎಂದದ್ದಕ್ಕೆ ಒಂದು ಕಳೆದಿದ್ದೇನೆ. ಸಾಗಣೆಗೆ ಮೂರು, ಅದೂ ಎರಡನೆಯ ಚಾಲಕನ ಮುಖ ನೋಡಿ. ಫೋನಿನಲ್ಲಿ ಮಾತನಾಡಿದವರ ಸೌಜನ್ಯಕ್ಕೆ ಐದು, ಅವರು ಕೊಟ್ಟ ಮಾತಿಗೆ ಸೊನ್ನೆ. ಹಳೆಯ ಐಷಾರಾಮಿ ಕಾರನ್ನು ಮಾರುವ ಸಾಮರ್ಥ್ಯಕ್ಕೆ ಒಂದು. ಆ ಸಾಮರ್ಥ್ಯವಿಲ್ಲವೆಂದು ಮೊದಲೇ ಹೇಳಿದ್ದರೆ ಇಡೀ ಸೇವೆಗೆ ನಾಲ್ಕು ಕೊಡಲು ನನಗೆ ಸಂಕೋಚವಿರಲಿಲ್ಲ. ವಾರಕ್ಕೆ ನೂರಾರು ಕೆಟ್ಟ ಕಾರುಗಳನ್ನು ಎತ್ತಿ ಸಾಗಿಸುವ ವ್ಯವಸ್ಥೆಗೆ ವೇಗವೇ ಮುಖ್ಯ, ನಿಲ್ಲಿಸಿದಷ್ಟು ದಿನವೂ ಬಾಡಿಗೆ. ಅಲ್ಲಿ ಒಂದು ಕಾರಿಗಾಗಿ ವಸಂತ ಬರುವವರೆಗೆ ಕಾಯುವವರು ಯಾರು?

ನಮ್ಮ ಮನೆಯವರು ಓಡಿಸುತ್ತಿರುವ 2006ರ ಬ್ಯುಕ್ ಕಾರಿನ ತಳ ಈ ಚಳಿಗಾಲದಲ್ಲಿ ತುಕ್ಕು ಹಿಡಿದು ತೂತು ಬಿದ್ದಿದೆ. ಮೆಕ್ಯಾನಿಕ್ ತಲೆಯಾಡಿಸಿದ್ದಾನೆ. ಮಾರ್ಚ್ ಕಳೆದ ಮೇಲೆ ಅದನ್ನು ಕೊಡಬೇಕೆಂದಿದ್ದೇವೆ. ಕರೆ ಮಾಡುವುದು ಇದೇ ಸೇವೆಗೇ.